ಅಗ್ಗದ ರಿವಾಲ್ವರ್: ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ವಿಜಯಪುರ: 2025ರ ಸೆಪ್ಟೆಂಬರ್ 16ರ ಸಂಜೆ ಚಡಚಣ ಪಟ್ಟಣದ ಸ್ಟೇಟ್ ಬ್ಯಾಂಕ್ ಶಾಖೆಗೆ ನುಗ್ಗಿದ ಮುಸುಕುಧಾರಿಗಳು ಸಿಬ್ಬಂದಿಗೆ ಶಸ್ತ್ರ ತೋರಿಸಿ ಬೆದರಿಸಿ, ಒಂದು ಕೋಟಿ ರೂಪಾಯಿಗೂ ಮಿಕ್ಕ ನಗದು ಹಾಗೂ ಕೆ.ಜಿ.ಗಟ್ಟಲೆ ಚಿನ್ನಾಭರಣ ದೋಚಿದ್ದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಗ್ರಾಹಕರು ಅಡವಿಟ್ಟಿದ್ದ 50 ಕೆ.ಜಿ.ಗೂ ಹೆಚ್ಚಿನ ಚಿನ್ನ ಕಳವಾಗಿತ್ತು. ಇಂಥ ಘಟನೆಗಳು ನಡೆದಾಗಲೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸರಾಫ ಅಂಗಡಿಗಳಲ್ಲಿ, ಅಡತಿ ವ್ಯಾಪಾರಿಗಳ ಗಾದಿಗಳಲ್ಲಿ, ಊರಿನಿಂದ ದೂರದ ತೋಟದ ವಸ್ತಿಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಆತ್ಮರಕ್ಷಣೆಗೆ ಪರವಾನಗಿ ಪಡೆದು ಒಂದು ಸಣ್ಣ ರಿವಾಲ್ವರ್ ಇಟ್ಟುಕೊಳ್ಳಬಾರದೇಕೆ?

ಪ್ರಶ್ನೆ ಸಹಜವಾದುದೇ. ಆದರೆ ದುಬಾರಿ ಆಯುಧ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹೀಗಾಗಿ ಅನೇಕರ ದೃಷ್ಟಿ ಅಗ್ಗದ .22 ಬೋರ್ ರಿವಾಲ್ವರ್‌ಗಳತ್ತ ಅಥವಾ ಬೇರೆ ಪರವಾನಗಿದಾರರು ಮಾರುವ ಹಳೆಯ ಆಯುಧಗಳತ್ತ ಹರಿಯುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರು ನೋಡುವುದು ಬೆಲೆ, ಹೊಳಪು ಹಾಗೂ ಕೈಯಲ್ಲಿ ಹಿಡಿದಾಗಿನ ತೂಕವನ್ನು ಮಾತ್ರ. ಆಪತ್ತಿನ ವೇಳೆ ಹಾರದ ಗುಂಡು, ಸಡಿಲವಾದ ಸಿಲಿಂಡರ್, ಅಳಿಸಿಹೋದ ಸಂಖ್ಯೆ ಇವು ಗಮನಕ್ಕೆ ಬರುವುದು ಕೊಂಡ ನಂತರವೇ. ಮೊದಲೆರಡು ದೋಷಗಳು ಪ್ರಾಣಕ್ಕೆ ಎರವಾದರೆ, ಮೂರನೆಯದು ಕೊಂಡವನನ್ನು ಜೈಲಿಗೆ ಕಳುಹಿಸುತ್ತದೆ.

ರಿಮ್‌ಫೈರ್ ಎಂದರೇನು?

ತೋಟಾದ ತಳವನ್ನು ನೋಡಿದರೆ ಎರಡು ಬಗೆಗಳು ಕಾಣಸಿಗುತ್ತವೆ. ಒಂದರಲ್ಲಿ ತಳದ ನಡುವೆ ಸಣ್ಣ ಬಿಲ್ಲೆಯೊಂದು ಪ್ರತ್ಯೇಕವಾಗಿ ಕೂಡಿಸಿರುತ್ತದೆ. ಹ್ಯಾಮರ್‌ನ ಏಟು ಅಲ್ಲಿ ಬಿದ್ದಾಗ ಕಿಡಿ ಹೊತ್ತುತ್ತದೆ. .32 ಬೋರ್‌ನ ರಿವಾಲ್ವರ್‌ಗಳು ಈ ಬಗೆಯವು. ಇನ್ನೊಂದರಲ್ಲಿ ಬಿಲ್ಲೆ ಇರುವುದಿಲ್ಲ. ಕಿಡಿ ಹೊತ್ತಿಸುವ ರಾಸಾಯನಿಕವನ್ನು ತೋಟಾದ ತಳದ ಟೊಳ್ಳು ಅಂಚಿನೊಳಗೆ ಸುತ್ತಲೂ ಹರಡಿರುತ್ತಾರೆ. ಏಟು ಬೀಳಬೇಕಾದದ್ದು ಆ ಅಂಚಿನ ಮೇಲೆ. ಇದೇ ರಿಮ್‌ಫೈರ್. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ರಿಮ್‌ಫೈರ್ ತೋಟಾಗಳಲ್ಲಿ .22 ಲಾಂಗ್ ರೈಫಲ್ ಪ್ರಮುಖವಾದುದು. ಇದು 1887ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅದಕ್ಕೂ 30 ವರ್ಷ ಮೊದಲು, 1857ರಲ್ಲಿ, ಸ್ಮಿತ್ ಅಂಡ್ ವೆಸ್ಸನ್ ಕಂಪನಿ .22 ರಿಮ್‌ಫೈರ್ ತೋಟಾ ಬಳಸುವ ತನ್ನ ಮೊದಲ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತ್ತು.

ಈ ತೋಟಾ ಅಗ್ಗ, ಸದ್ದು ಕಡಿಮೆ, ಕೈಗೆ ಬೀಳುವ ಒದೆತವೂ ಕಡಿಮೆ. ಅದರ ಸೀಸದ ಗುಂಡಿನ ತೂಕ ಸಾಮಾನ್ಯವಾಗಿ ಸುಮಾರು 2.6 ಗ್ರಾಂ ಮಾತ್ರ. ಆದರೆ ಇದಕ್ಕೊಂದು ಹುಟ್ಟುದೋಷವಿದೆ. ತಯಾರಿಕೆಯ ವೇಳೆ ರಾಸಾಯನಿಕವು ಅಂಚಿನ ಸುತ್ತ ಸಮನಾಗಿ ಹರಡದಿದ್ದರೆ, ಏಟು ಬಿದ್ದ ಜಾಗ ಖಾಲಿಯಾಗಿದ್ದು ಗುಂಡು ಹಾರುವುದೇ ಇಲ್ಲ. ಹೀಗಾಗಿ ಬಿಲ್ಲೆಯುಳ್ಳ ತೋಟಾಗಳಿಗಿಂತ ರಿಮ್‌ಫೈರ್ ತೋಟಾಗಳು ಕೈಕೊಡುವುದು ಹೆಚ್ಚು. ಅಂಚನ್ನು ಚೆನ್ನಾಗಿ ಜಜ್ಜುವಷ್ಟು ಬಲವಾದ ಹಾಗೂ ಗುರಿ ತಪ್ಪದ ಏಟು ಇದಕ್ಕೆ ಬೇಕು. ಕಳಪೆ ರಿವಾಲ್ವರ್‌ನಲ್ಲಿ ಇಲ್ಲದಿರುವುದೂ ಅದೇ.

ಸಣ್ಣದೆಂಬ ಕಾರಣಕ್ಕೆ ಇದು ಆಟಿಕೆಯೆಂದು ಭಾವಿಸುವಂತಿಲ್ಲ. 1968ರಲ್ಲಿ ಅಮೆರಿಕದ ಸೆನೆಟರ್ ರಾಬರ್ಟ್ ಕೆನೆಡಿ ಹತ್ಯೆಗೆ ಬಳಕೆಯಾದದ್ದು .22 ರಿವಾಲ್ವರ್. 1981ರ ಮಾರ್ಚ್ 30ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಮೇಲೆ ನಡೆದ ದಾಳಿಯಲ್ಲಿ ಬಳಕೆಯಾದದ್ದೂ ಅಗ್ಗದ .22 ರಿವಾಲ್ವರೇ. ಅಂದು ಹಾರಿದ ಆರು ಗುಂಡುಗಳಿಂದ ರೇಗನ್ ಸೇರಿ ನಾಲ್ವರು ಗಾಯಗೊಂಡರು.

ಬೆಲೆಯ ಲೆಕ್ಕ

ವಿದೇಶಿ ಬಂದೂಕು, ರಿವಾಲ್ವರ್‌ಗಳನ್ನು ಸಾಮಾನ್ಯ ನಾಗರಿಕರು ಆಮದು ಮಾಡಿಕೊಳ್ಳಲು 1980ರ ದಶಕದ ಮಧ್ಯಭಾಗದಿಂದ ಅವಕಾಶವಿಲ್ಲ. ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ವಿನಾಯಿತಿ ಉಂಟು. ಆದ್ದರಿಂದ ಮಾರುಕಟ್ಟೆಯಲ್ಲಿ ಕಾಣುವ ವಿದೇಶಿ ರಿವಾಲ್ವರ್‌ಗಳಲ್ಲಿ ಬಹುಪಾಲು ಕೈಯಿಂದ ಕೈಗೆ ದಾಟಿದ ಹಳೆಯ ಆಯುಧಗಳೇ. ಹೊಸದು ಬೇಕೆಂದರೆ ದೇಶೀಯ ತಯಾರಿಕೆಯೇ ಗತಿ.

ಸರ್ಕಾರಿ ಆಯುಧ ಕಾರ್ಖಾನೆಗಳು 2014ರಲ್ಲಿ ಮಹಿಳೆಯರನ್ನು ಗಮನದಲ್ಲಿರಿಸಿಕೊಂಡು ಕಾನ್ಪುರದಲ್ಲಿ ತಯಾರಿಸಿದ .32 ಬೋರ್‌ನ 'ನಿರ್ಭೀಕ್' ರಿವಾಲ್ವರ್‌ನ ಬೆಲೆ ಆಗ 1.22 ಲಕ್ಷ ರೂಪಾಯಿಯಷ್ಟಿತ್ತು. ಅದು ಜನಸಾಮಾನ್ಯರ ಕೈಗೆಟುಕುವಂತಿಲ್ಲ ಎಂಬ ಟೀಕೆ ಕೇಳಿಬಂದಿತ್ತು. ಅದರ ಬೆನ್ನಿಗೇ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಹೊರತಂದ .22 ಬೋರ್‌ನ 'ನಿಡರ್' ಸುಮಾರು 250 ಗ್ರಾಂ ತೂಕದ್ದು. ಆರಂಭದಲ್ಲಿ ಅದರ ಬೆಲೆ ಸುಮಾರು 35 ಸಾವಿರ ರೂಪಾಯಿ. 2021ರ ಅಕ್ಟೋಬರ್ 1ರಂದು ಆಯುಧ ಕಾರ್ಖಾನೆ ಮಂಡಳಿಯನ್ನು ವಿಸರ್ಜಿಸಿ ಏಳು ಸರ್ಕಾರಿ ಕಂಪನಿಗಳನ್ನಾಗಿ ವಿಂಗಡಿಸಲಾಯಿತು. ಸಣ್ಣ ಶಸ್ತ್ರಗಳ ತಯಾರಿಕೆ ಕಾನ್ಪುರ ಮೂಲದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ, ಮದ್ದುಗುಂಡು ತಯಾರಿಕೆ ಪುಣೆ ಮೂಲದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಹೋಯಿತು. 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ .32 ಬೋರ್‌ನ 'ಪ್ರಬಲ್' ರಿವಾಲ್ವರ್ ಕಾನ್ಪುರದ ಈ ಹೊಸ ಕಂಪನಿಯದೇ.

ಬೆಲೆಯ ಮೇಲೆ ತೆರಿಗೆಯ ಹೊರೆಯೂ ಇದೆ. ರಿವಾಲ್ವರ್ ಹಾಗೂ ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 40ಕ್ಕೆ ಏರಿಸಲಾಗಿದೆ. ಅಂದರೆ ಮೂಲಬೆಲೆ 50 ಸಾವಿರ ರೂಪಾಯಿ ಇರುವ ಆಯುಧಕ್ಕೆ 20 ಸಾವಿರ ರೂಪಾಯಿ ತೆರಿಗೆಯೇ ಆಗುತ್ತದೆ. ಬಿಲ್ಲಿಲ್ಲದ ಹಳೆಯ ಆಯುಧದ ಆಮಿಷ ಹೆಚ್ಚುವುದು ಇಲ್ಲಿಯೇ.

ಮೊದಲ ಪರೀಕ್ಷೆ ಕಾಗದಪತ್ರಗಳದ್ದು

ಇಂಡಿ, ಸಿಂದಗಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುವ ಭೀಮಾ ನದಿಯ ತೀರಕ್ಕೆ ನಾಡ ಪಿಸ್ತೂಲುಗಳ ಅಪಕೀರ್ತಿ ದಶಕಗಳಿಂದ ಅಂಟಿಕೊಂಡಿದೆ. ಇಂದಿಗೂ ಅಕ್ರಮ ಪಿಸ್ತೂಲು ವಶದ ಸುದ್ದಿಗಳು ಈ ಭಾಗದಿಂದ ಆಗಾಗ ಬರುತ್ತಲೇ ಇವೆ. ಆದ್ದರಿಂದ ಈ ಜಿಲ್ಲೆಯಲ್ಲಿ 'ಕಡಿಮೆ ಬೆಲೆಗೆ ಒಳ್ಳೆಯ ಮಾಲು' ಎಂಬ ಮಾತು ಕಿವಿಗೆ ಬಿದ್ದೊಡನೆ ಎಚ್ಚರಗೊಳ್ಳುವುದು ಅಗತ್ಯ. ನಾಡ ಪಿಸ್ತೂಲಿನ ಗುಣಮಟ್ಟ ಪರೀಕ್ಷಿಸುವ ಪ್ರಶ್ನೆಯೇ ಬರುವುದಿಲ್ಲ. ಅದನ್ನು ಮುಟ್ಟುವುದೇ ಅಪರಾಧ. ಸಾಲದ್ದಕ್ಕೆ, ಯಾವ ಒತ್ತಡಕ್ಕೆ ಯಾವ ಲೋಹ ತಡೆಯುತ್ತದೆಂಬ ಲೆಕ್ಕವಿಲ್ಲದೆ ಮಾಡಿದ ನಳಿಕೆ ಹಿಡಿದವನ ಕೈಯಲ್ಲೇ ಸಿಡಿಯಬಹುದು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಸಾಮಾನ್ಯ ಬೋರ್‌ನ ಬಂದೂಕು ಹೊಂದಿದರೆ ಕನಿಷ್ಠ ಎರಡು ವರ್ಷದಿಂದ ಐದು ವರ್ಷದವರೆಗೆ ಜೈಲು ಹಾಗೂ ದಂಡ. ಅಕ್ರಮವಾಗಿ ತಯಾರಿಸಿದರೆ, ಮಾರಿದರೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೂ ಶಿಕ್ಷೆಯುಂಟು. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಶಿಕ್ಷೆಗಳನ್ನು ಬಿಗಿಗೊಳಿಸಿತು. ಅದೇ ತಿದ್ದುಪಡಿಯಿಂದಾಗಿ ಸಾಮಾನ್ಯ ಪರವಾನಗಿದಾರನೊಬ್ಬ ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಪರವಾನಗಿಯ ಅವಧಿ ಐದು ವರ್ಷಕ್ಕೆ ವಿಸ್ತರಣೆಯಾಯಿತು.

ನಾಲ್ಕೂ ತಾಲ್ಲೂಕುಗಳ ನಿವಾಸಿಗಳಿಗೆ ಪರವಾನಗಿ ನೀಡುವ ಅಧಿಕಾರ ವಿಜಯಪುರದ ಜಿಲ್ಲಾಧಿಕಾರಿಗೆ, ಜಿಲ್ಲಾ ದಂಡಾಧಿಕಾರಿಯೆಂಬ ನೆಲೆಯಲ್ಲಿ, ಇದೆ. ಅರ್ಜಿ ಸಲ್ಲಿಕೆಯಾದ ಮೇಲೆ ಪೊಲೀಸರ ವರದಿ ತರಿಸಿಕೊಳ್ಳಲಾಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಗೂ ಒತ್ತು ನೀಡಿವೆ. ರಾಜ್ಯದ ಜಿಲ್ಲಾ ಪೊಲೀಸ್ ಘಟಕಗಳು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುವುದುಂಟು. ಆಯುಧ ಕೊಳ್ಳುವ ಮುನ್ನವೇ ಇಂಥ ಶಿಬಿರದಲ್ಲಿ ಪಾಲ್ಗೊಂಡರೆ ಯಾವುದು ತನಗೆ ಒಗ್ಗುತ್ತದೆಂಬುದು ತಿಳಿಯುತ್ತದೆ.

ಅಂಗಡಿಯಲ್ಲಿ ಆಯುಧ ಕೈಗೆತ್ತಿಕೊಂಡಾಗ ಮೊದಲು ಓದಬೇಕಾದದ್ದು ಅದರ ಮೈಮೇಲಿನ ಅಕ್ಷರಗಳನ್ನು. ತಯಾರಕರ ಹೆಸರು, ಕ್ರಮಸಂಖ್ಯೆ, ಬೋರ್ ಹಾಗೂ ಪ್ರೂಫ್ ಮುದ್ರೆ ಇವು ಸ್ಪಷ್ಟವಾಗಿರಬೇಕು. ಪ್ರೂಫ್ ಎಂದರೆ ಸಾಮಾನ್ಯ ತೋಟಾಕ್ಕಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ ನಳಿಕೆ ಹಾಗೂ ಸಿಲಿಂಡರ್ ತಡೆದಿವೆಯೆಂದು ದೃಢಪಡಿಸುವ ಪರೀಕ್ಷೆ. ಫ್ರೇಮ್ ಮೇಲಿನ ಸಂಖ್ಯೆ, ಬಿಲ್ಲಿನಲ್ಲಿರುವ ಸಂಖ್ಯೆ, ಹಳೆಯದಾದರೆ ಮಾರುವವನ ಪರವಾನಗಿಯಲ್ಲಿರುವ ಸಂಖ್ಯೆ ಮೂರೂ ಅಕ್ಷರಶಃ ತಾಳೆಯಾಗಬೇಕು. ಸಂಖ್ಯೆಯ ಸುತ್ತ ಅರದಿಂದ ಉಜ್ಜಿದ ಗುರುತು, ತಗ್ಗು, ಅಕ್ಷರಗಳ ಓರೆ-ಕೋರೆ ಕಂಡರೆ ಮಾತು ಅಲ್ಲಿಗೇ ಮುಗಿಯಬೇಕು. ಕಾಯ್ದೆಯ 8ನೇ ಕಲಂ ಅನ್ವಯ, ಗುರುತಿನ ಸಂಖ್ಯೆ ಅಳಿಸಿದ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದರೆಂದು ಪರಿಗಣಿಸಲಾಗುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ಹೊಂದಿದವರ ಮೇಲೆಯೇ ಬೀಳುತ್ತದೆ.

ಪರವಾನಗಿದಾರರೊಬ್ಬರಿಂದ ನೇರವಾಗಿ ಹಳೆಯ ಆಯುಧ ಕೊಳ್ಳುವುದಕ್ಕೂ ಕಾನೂನಿನಲ್ಲಿ ದಾರಿಯಿದೆ. ಆದರೆ ಮಾರುವವನು ಜಿಲ್ಲಾ ದಂಡಾಧಿಕಾರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ನೀಡಿ 45 ದಿನ ಕಳೆಯುವವರೆಗೆ ಹಸ್ತಾಂತರ ಮಾಡುವಂತಿಲ್ಲ. 'ಇಂದೇ ಒಯ್ಯಿರಿ, ಕಾಗದ ಆಮೇಲೆ ನೋಡೋಣ' ಎನ್ನುವವನ ಬಳಿ ವ್ಯವಹರಿಸುವುದು ಸರ್ವಥಾ ಸಲ್ಲದು.

ಖಾಲಿ ಆಯುಧದ ತಪಾಸಣೆ

ಕಾಗದ ಸರಿಯಿದೆಯೆಂದಾದ ಮೇಲೆ ಯಂತ್ರದ ಸರದಿ. ಈ ತಪಾಸಣೆಗೆ ಮಾರಾಟಗಾರರ ಅನುಮತಿ ಬೇಕು. ಸಿಲಿಂಡರ್ ಹೊರತೆಗೆದು ಅಥವಾ ಪಕ್ಕದ ಕಿಂಡಿ ತೆರೆದು ಪ್ರತಿಯೊಂದು ಕೋಣೆಯೂ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ನಳಿಕೆಯ ಬಾಯಿ ಯಾರತ್ತಲೂ ತಿರುಗಿರಬಾರದು. ಒಬ್ಬರಿಂದ ಇನ್ನೊಬ್ಬರ ಕೈಗೆ ಹೋದಾಗಲೆಲ್ಲ ಮತ್ತೆ ನೋಡಬೇಕು.

ಇಲ್ಲಿ ಬಹಳಷ್ಟು ಜನರು ಮಾಡುವ ತಪ್ಪೊಂದಿದೆ. ಆಯುಧ ಕೈಗೆ ಬಂದೊಡನೆ ಟಕ್ ಟಕ್ ಎಂದು ಟ್ರಿಗರ್ ಎಳೆದು ನೋಡುವುದು. ಬಹುತೇಕ ರಿಮ್‌ಫೈರ್ ಆಯುಧಗಳಲ್ಲಿ ಇದು ಹಾನಿಕರ. ತೋಟಾ ಇಲ್ಲದಿದ್ದಾಗ ಏಟಿನ ಮೊನೆ ನೇರವಾಗಿ ಕೋಣೆಯ ಅಂಚಿಗೇ ಬಡಿಯುತ್ತದೆ. ಕಾಲಕ್ರಮೇಣ ಅಲ್ಲಿ ಕಚ್ಚು ಬಿದ್ದು ತೋಟಾ ಸರಿಯಾಗಿ ಕೂರದಂತಾಗುತ್ತದೆ, ಮೊನೆಯೂ ಮೊಂಡಾಗುತ್ತದೆ. ಪರೀಕ್ಷೆಗೆಂದೇ ಸಿಗುವ ಡಮ್ಮಿ ತೋಟಾ ಹಾಕಿ ಟ್ರಿಗರ್ ಎಳೆಯಬೇಕು. ಹಳೆಯ ಆಯುಧವಾದರೆ ಸಿಲಿಂಡರ್‌ನ ಹಿಂಬದಿಯಲ್ಲಿ ಪ್ರತಿ ಕೋಣೆಯ ಅಂಚನ್ನೂ ಟಾರ್ಚ್ ಹಿಡಿದು ನೋಡಬೇಕು. ಕಚ್ಚುಗಳು ಕಂಡುಬಂದರೆ ಹಿಂದಿನ ಒಡೆಯ ಅದನ್ನು ಹೇಗೆ ಬಳಸಿದ್ದಾನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನೋಡಬೇಕಾದ ಇತರ ಅಂಶಗಳು ಹೀಗಿವೆ:

1. ಲೋಹ: ಅಗ್ಗದ ರಿವಾಲ್ವರ್‌ಗಳ ಫ್ರೇಮನ್ನು ಉಕ್ಕಿನ ಬದಲು ಅಲ್ಯುಮಿನಿಯಂ ಅಥವಾ ಸತುವಿನ ಮಿಶ್ರಲೋಹದಿಂದ ಎರಕ ಹೊಯ್ಯುವುದುಂಟು. ಸಾಮಾನ್ಯ ಉಕ್ಕಿಗೆ ಅಯಸ್ಕಾಂತ ಅಂಟುತ್ತದೆ, ಇವೆರಡಕ್ಕೂ ಅಂಟದು. ಅಲ್ಯುಮಿನಿಯಂ ಹಗುರ. ಸತುವಿನ ಮಿಶ್ರಲೋಹ ಗಾತ್ರಕ್ಕೆ ತಕ್ಕಂತೆ ಹೆಚ್ಚುಕಡಿಮೆ ಉಕ್ಕಿನಷ್ಟೇ ಭಾರವಾಗಿದ್ದರೂ ಅದರ ಬಾಳಿಕೆ ಕಡಿಮೆ. ಒತ್ತಡ ಕಡಿಮೆಯಿರುವ .22 ತೋಟಾಕ್ಕೆ ಒಳ್ಳೆಯ ಅಲ್ಯುಮಿನಿಯಂ ಫ್ರೇಮ್ ಸಾಕಾಗುತ್ತದೆ. ಆದರೆ ನಳಿಕೆಯ ಒಳಗೊಳವೆ ಹಾಗೂ ಸಿಲಿಂಡರ್ ಉಕ್ಕಿನದೇ ಆಗಿರಬೇಕು. ಎರಕದ ಗುಳ್ಳೆ, ಕೂದಲೆಳೆಯಷ್ಟು ಬಿರುಕು, ತಿರುಪಿನ ತಲೆ ಕಿತ್ತುಹೋದ ಗುರುತುಗಳಿದ್ದರೆ ಬೇಡವೆನ್ನುವುದೇ ಲೇಸು.

2. ಸಿಲಿಂಡರ್‌ನ ಬಿಗಿ: ಹ್ಯಾಮರನ್ನು ಪೂರ್ತಿ ಹಿಂದೆಳೆದ ಸ್ಥಿತಿಯಲ್ಲಿ ಸಿಲಿಂಡರನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಾಡಿಸಬೇಕು. ಅತ್ಯಲ್ಪ ಅಲುಗಾಟ ಸಹಜ. ಗಡಗಡ ಎನ್ನುವಂತಿದ್ದರೆ ಕೋಣೆಯು ನಳಿಕೆಯ ನೇರಕ್ಕೆ ನಿಲ್ಲುವುದಿಲ್ಲ. ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಬೇಕು. ಈ ಆಟ ಹೆಚ್ಚಾದರೆ ಹ್ಯಾಮರ್‌ನ ಏಟು ಅಂಚಿಗೆ ಪೂರ್ಣವಾಗಿ ತಾಗದೆ ಗುಂಡು ಹಾರದಿರುವುದು ಹೆಚ್ಚುತ್ತದೆ.

3. ತಿರುಗುವಿಕೆಯ ಸಮಯ: ಹ್ಯಾಮರನ್ನು ಅತಿ ನಿಧಾನವಾಗಿ ಹೆಬ್ಬೆರಳಿನಿಂದ ಹಿಂದೆಳೆಯುತ್ತ ಹೋಗಬೇಕು. ಹ್ಯಾಮರ್ ಕೊನೆಯ ಹಂತ ತಲುಪುವ ಮುನ್ನ ಅಥವಾ ತಲುಪುವ ಕ್ಷಣಕ್ಕೆ ಸಿಲಿಂಡರ್ ಕಟ್ ಎಂದು ತನ್ನ ಗಾಡಿಯಲ್ಲಿ ಕಚ್ಚಿಕೊಳ್ಳಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಕೈಯಿಂದ ತಿರುಗಿಸಿ ಕೂಡಿಸಬೇಕಾದರೆ ಅದು ಸವೆದ ಆಯುಧ. ಈ ಪರೀಕ್ಷೆಯನ್ನು ಒಂದೇ ಕೋಣೆಗೆ ಮಾಡಿ ಬಿಡಬಾರದು. ಒಂದೊಂದೂ ಕೋಣೆಗೆ ಮಾಡಬೇಕು. ಬಹಳ ಸಲ ದೋಷವಿರುವುದು ಒಂದೇ ಕೋಣೆಯಲ್ಲಿ.

4. ನಳಿಕೆ-ಸಿಲಿಂಡರ್ ನಡುವಿನ ಸಂದು: ಇದಕ್ಕೆ ಬೇಕಾದ ಸಾಧನ ತಾಲ್ಲೂಕಿನ ಯಾವ ಗ್ಯಾರೇಜಿನಲ್ಲಾದರೂ ಸಿಗುತ್ತದೆ. ಮೋಟಾರ್‌ಸೈಕಲ್‌ನ ಟ್ಯಾಪೆಟ್ ಹೊಂದಿಸಲು ಮೆಕ್ಯಾನಿಕ್ ಬಳಸುವ ಫೀಲರ್ ಗೇಜ್ ಅದು. ಖಾಲಿ ಆಯುಧದ ಸಂದಿನಲ್ಲಿ ಅದರ ತಗಡುಗಳನ್ನು ತೂರಿಸಿ ನೋಡಿದರೆ ಸಾಮಾನ್ಯವಾಗಿ 0.10ರಿಂದ 0.20 ಮಿಲಿಮೀಟರ್‌ವರೆಗಿನ ಸಂದು ಒಪ್ಪತಕ್ಕದ್ದು. 0.25 ಮಿ.ಮೀ. ದಾಟಿದರೆ ಬಿಸಿ ಅನಿಲ ಹಾಗೂ ಸೀಸದ ಚೂರುಗಳು ಪಕ್ಕಕ್ಕೆ ಚಿಮ್ಮತೊಡಗುತ್ತವೆ, ಗುಂಡಿನ ವೇಗವೂ ತಗ್ಗುತ್ತದೆ. ಸಂದೇ ಇಲ್ಲದಿದ್ದರೆ ನಾಲ್ಕಾರು ಗುಂಡು ಹಾರಿಸುವಷ್ಟರಲ್ಲಿ ಮಸಿ ಕಟ್ಟಿ ಸಿಲಿಂಡರ್ ತಿರುಗದೆ ನಿಲ್ಲುತ್ತದೆ.

5. ಹ್ಯಾಮರ್ ಜಾರುವಿಕೆ: ಹ್ಯಾಮರನ್ನು ಪೂರ್ತಿ ಹಿಂದೆಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಮುಂದಕ್ಕೆ ಮಿತವಾಗಿ ಒತ್ತಬೇಕು. ಜಾರಿ ಬಿದ್ದರೆ ಆ ಆಯುಧ ಅಪಾಯಕಾರಿ. ಅದನ್ನು ದುರಸ್ತಿ ಮಾಡಿಸಿ ಕೊಡುವುದಾಗಿ ಹೇಳಿದರೂ ಒಪ್ಪಬಾರದು. ಈ ಪರೀಕ್ಷೆಗೂ ಡಮ್ಮಿ ತೋಟಾ ಇರಲೇಬೇಕು.

6. ಕೆಳಗೆ ಬಿದ್ದರೆ? ಹೊಸ ವಿನ್ಯಾಸಗಳಲ್ಲಿ ಟ್ರಿಗರ್ ಪೂರ್ತಿ ಎಳೆಯದ ಹೊರತು ಹ್ಯಾಮರ್‌ನ ಏಟು ತೋಟಾಕ್ಕೆ ತಲುಪದಂತೆ ಅಡ್ಡಪಟ್ಟಿಯ ವ್ಯವಸ್ಥೆ ಇರುತ್ತದೆ. ಹಳೆಯ ಹಲವು ಮಾದರಿಗಳಲ್ಲಿ ಅದು ಇಲ್ಲ. ಕೈಜಾರಿ ನೆಲಕ್ಕೆ ಬಿದ್ದಾಗ, ಹ್ಯಾಮರ್ ನೆಲಕ್ಕೆ ತಾಗಿ ಗುಂಡು ಹಾರುವ ಸಂಭವವಿದೆ. ಇಂಥ ಆಯುಧದಲ್ಲಿ ಹ್ಯಾಮರ್‌ನ ಕೆಳಗಿನ ಕೋಣೆಯನ್ನು ಖಾಲಿ ಬಿಡುವುದು ಹಿಂದಿನಿಂದ ಬಂದ ರೂಢಿ. ಆತ್ಮರಕ್ಷಣೆಗೆ ಕೊಳ್ಳುವವರು ಈ ವ್ಯವಸ್ಥೆಯುಳ್ಳ ಮಾದರಿಯನ್ನೇ ಕೇಳಬೇಕು.

7. ನಳಿಕೆಯ ಒಳಮೈ: ಹಿಂಬದಿಯಿಂದ ಬಿಳಿ ಕಾಗದದ ಬೆಳಕು ಬಿಟ್ಟು ನೋಡಿದರೆ ಸುರುಳಿ ಗೆರೆಗಳು ಚೊಕ್ಕಟವಾಗಿ ಕಾಣಬೇಕು. ನಡುವೆ ಉಂಗುರದಂಥ ಕಪ್ಪು ನೆರಳು ಕಂಡರೆ ನಳಿಕೆ ಒಳಗಿನಿಂದ ಉಬ್ಬಿದೆಯೆಂದರ್ಥ. ಒಂದು ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡು ಅದರ ಹಿಂದೆ ಇನ್ನೊಂದು ಹಾರಿದಾಗ ಹೀಗಾಗುತ್ತದೆ. ತುಕ್ಕಿನ ಚುಕ್ಕೆಗಳಿದ್ದರೆ ಬೆಲೆ ಇಳಿಸಬಹುದು. ಉಬ್ಬಿದ್ದರೆ ಬೆಲೆಯ ಮಾತೇ ಬೇಡ.

8. ಖಾಲಿ ಕವಚ ಹೊರತಳ್ಳುವ ಕಡ್ಡಿ: ಇದು ನೆಟ್ಟಗಿರಬೇಕು, ಸಲೀಸಾಗಿ ಹಿಂದಕ್ಕೂ ಮುಂದಕ್ಕೂ ಸರಿಯಬೇಕು. ಮೇಣ ಸವರಿದ ಸೀಸದ ಗುಂಡುಗಳಿಂದಾಗಿ .22 ಕೋಣೆಗಳಲ್ಲಿ ಜಿಡ್ಡು ಬೇಗ ಕಟ್ಟುತ್ತದೆ. ಕಡ್ಡಿ ದುರ್ಬಲವಾಗಿದ್ದರೆ ಖಾಲಿ ಕವಚಗಳು ಅಲ್ಲಿಯೇ ಕೂತುಬಿಡುತ್ತವೆ.

ತೋಟಾ ಯಾವುದು?

.22 ಎಂದು ಬರೆದ ತೋಟಾಗಳೆಲ್ಲ ಒಂದೇ ಅಲ್ಲ. ಶಾರ್ಟ್, ಲಾಂಗ್, ಲಾಂಗ್ ರೈಫಲ್, ಮ್ಯಾಗ್ನಂ ಎಂಬ ಬಗೆಗಳಿವೆ. 1959ರಲ್ಲಿ ಬಂದ ಮ್ಯಾಗ್ನಂನ ಕವಚ ಉಳಿದವುಗಳಿಗಿಂತ ದಪ್ಪ. ಲಾಂಗ್ ರೈಫಲ್ ತೋಟಾವನ್ನು ಮ್ಯಾಗ್ನಂ ಕೋಣೆಗೆ ಹಾಕಿದರೆ ಸಡಿಲವಾಗಿ ಕೂತು, ಹಾರಿದಾಗ ಕವಚ ಸೀಳುತ್ತದೆ. ನಳಿಕೆಯ ಮೇಲೆ ಏನು ಕೆತ್ತಿದೆಯೋ ಅದೇ ತೋಟಾ ಬಳಸಬೇಕು. ಪರವಾನಗಿಯಲ್ಲಿ ನಮೂದಾದ ಸಂಖ್ಯೆಗಿಂತ ಹೆಚ್ಚು ತೋಟಾ ಇಟ್ಟುಕೊಳ್ಳುವುದೂ ಅಪರಾಧವೇ.

ಕೊನೆಯ ಮಾತು ಗುಂಡಿನದು

ಮೇಲಿನ ಎಲ್ಲ ಪರೀಕ್ಷೆಯಲ್ಲಿ ಗೆದ್ದ ಆಯುಧವೂ ಗುಂಡು ಹಾರಿಸುವಾಗ ಸೋಲಬಹುದು. ಹಾಗಾಗಿ ಅಧಿಕೃತ ಶೂಟಿಂಗ್ ರೇಂಜ್‌ನಲ್ಲಿ, ಬಲ್ಲವರ ಸಮ್ಮುಖದಲ್ಲಿ ಕನಿಷ್ಠ 50 ಗುಂಡು ಹಾರಿಸಿ ಲೆಕ್ಕವಿಡುವುದು ಉತ್ತಮ. ಹೊಲದಲ್ಲಿ, ಮದುವೆ ಮೆರವಣಿಗೆಯಲ್ಲಿ ಹಾರಿಸಿ ನೋಡುವಂತಿಲ್ಲ. ಜನರ ಪ್ರಾಣಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆಂದು ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ 2019ರ ತಿದ್ದುಪಡಿ ವಿಧಿಸುತ್ತದೆ.

ಒಂದು ಗುಂಡು ಹಾರದಿದ್ದರೆ ನಳಿಕೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ತಡವಾಗಿ ಕಿಡಿ ಹೊತ್ತುವ ಸಂಭವ ಇರುತ್ತದೆ. ನಂತರ ಆ ತೋಟಾ ತೆಗೆದು ಅಂಚಿನ ಮೇಲಿನ ಗುರುತು ನೋಡಬೇಕು. ಗುರುತು ಆಳವಾಗಿ, ಅಂಚಿನ ಮೇಲೆಯೇ ಬಿದ್ದಿದ್ದರೆ ತಪ್ಪು ಬಹುಶಃ ತೋಟಾದ್ದು. ಬೇರೆ ಪೆಟ್ಟಿಗೆಯ ತೋಟಾ ಹಾಕಿ ನೋಡಬಹುದು. ಗುರುತು ತೇಲಿದ್ದರೆ, ಅಂಚು ಬಿಟ್ಟು ಒಳಕ್ಕೆ ಬಿದ್ದಿದ್ದರೆ ತಪ್ಪು ಆಯುಧದ್ದು. ಪ್ರತಿ ಸಲವೂ ಒಂದೇ ಕೋಣೆ ಕೈಕೊಟ್ಟರೆ ದೋಷ ಆ ಕೋಣೆಯದು. ಆದ್ದರಿಂದ ಕೋಣೆಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು ಬರೆದಿಟ್ಟುಕೊಳ್ಳುವುದು ಒಳಿತು. 'ಪಟ್' ಎಂಬ ಸಣ್ಣ ಸದ್ದು ಮಾತ್ರ ಬಂದರೆ ಕೂಡಲೇ ನಿಲ್ಲಿಸಿ, ಆಯುಧ ಖಾಲಿ ಮಾಡಿ, ಗುಂಡು ನಳಿಕೆಯಲ್ಲಿ ಉಳಿದಿದೆಯೇ ಎಂದು ನೋಡಲೇಬೇಕು.

ರಿವಾಲ್ವರ್‌ನಲ್ಲಿ ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದೊಡನೆ ಮುಂದಿನ ಕೋಣೆ ಬರುತ್ತದೆಂಬುದು ನಿಜ. ಪಿಸ್ತೂಲಿಗಿಲ್ಲದ ಈ ಅನುಕೂಲವೇ ಅನೇಕರು ಇದನ್ನು ಆರಿಸಲು ಕಾರಣ. ಆದರೆ 50ರಲ್ಲಿ ನಾಲ್ಕೈದು ಸಲ ಕೈಕೊಡುವ ಆಯುಧವನ್ನು ಈ ಅನುಕೂಲದ ನೆವದಿಂದ ಒಪ್ಪಿಕೊಳ್ಳಲಾಗದು.

ಕೊಂಡ ನಂತರ

ಚುನಾವಣೆ ಘೋಷಣೆಯಾದಾಗ ಜಿಲ್ಲಾಡಳಿತದ ಆದೇಶದಂತೆ ಪರವಾನಗಿ ಆಯುಧಗಳನ್ನು ಠೇವಣಿ ಇರಿಸಬೇಕಾಗುತ್ತದೆ. ಠೇವಣಿಗೆ ಮುನ್ನ ಎಣ್ಣೆ ಸವರಿ, ರಸೀದಿ ಪಡೆದು, ಹಿಂಪಡೆಯುವಾಗ ಸಂಖ್ಯೆ ತಾಳೆ ನೋಡಿ, ಮೇಲೆ ಹೇಳಿದ ತಪಾಸಣೆಯನ್ನು ಮತ್ತೊಮ್ಮೆ ಮಾಡುವುದು ಕ್ಷೇಮಕರ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೇ ಇರಿಸಿದ ಆಯುಧ ತುಕ್ಕು ಹಿಡಿಯುತ್ತದೆ. ಮನೆಯಲ್ಲಿ ಮಕ್ಕಳ ಕೈಗೆಟುಕದಂತೆ ಬೀಗದೊಳಗೆ, ತೋಟಾಗಳನ್ನು ಬೇರೆಡೆ ಇಡಬೇಕು.

ಬೆಳೆ ಹಾಳುಗೆಡವುವ ಕಾಡುಹಂದಿ, ಕೃಷ್ಣಮೃಗಗಳ ಕಾಟಕ್ಕೆ ಇದು ಪರಿಹಾರವೆಂದು ಕೆಲವು ರೈತರು ಭಾವಿಸುವುದುಂಟು. .22 ರಿವಾಲ್ವರ್ ಅದಕ್ಕೆ ಪ್ರಯೋಜನವಿಲ್ಲ. ಅಲ್ಲದೆ ಕೃಷ್ಣಮೃಗವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದ್ದು ಅದನ್ನು ಕೊಲ್ಲುವುದು ಗಂಭೀರ ಅಪರಾಧ.

ಆಯುಧ ಎಷ್ಟೇ ಗಟ್ಟಿಯಾಗಿದ್ದರೂ ಅದರ ಮಿತಿಯನ್ನು ಅರಿತಿರಬೇಕು. ಐದಾರು ಜನ ಒಮ್ಮೆಲೇ ನುಗ್ಗಿದಾಗ ಗಲ್ಲಾದೊಳಗಿನ ಸಣ್ಣ ರಿವಾಲ್ವರ್ ಹೊರತೆಗೆಯಲು ಸಮಯ ಸಿಗುವುದು ವಿರಳ. ಸರಾಫ ಅಂಗಡಿಗೆ ಗಟ್ಟಿ ಬಾಗಿಲು, ಸೈರನ್, ಸಿಸಿ ಕ್ಯಾಮೆರಾ, ಸಂಜೆ ಇಬ್ಬರಾದರೂ ಕೂಡಿ ಬಾಗಿಲು ಮುಚ್ಚುವ ರೂಢಿ ಇವುಗಳಿಗೆ ತಗಲುವ ಖರ್ಚು ಒಂದು ರಿವಾಲ್ವರ್‌ಗಿಂತ ಕಡಿಮೆಯೂ ಇರಬಹುದು. ಅವೆಲ್ಲ ಆದ ಮೇಲೂ ಆಯುಧ ಬೇಕೆನಿಸಿದರೆ ಮೇಲಿನ ಪರೀಕ್ಷೆಗಳಲ್ಲಿ ಒಂದನ್ನೂ ಬಿಡದೆ ಕೊಳ್ಳಬಹುದು. ಸಂಖ್ಯೆ ತಾಳೆಯಾಗದಿದ್ದರೆ, ಸಿಲಿಂಡರ್ ಅಲುಗಾಡಿದರೆ, ಹ್ಯಾಮರ್ ಜಾರಿದರೆ ಅಥವಾ ಅಂಚಿನ ಮೇಲೆ ಏಟು ಸರಿಯಾಗಿ ಬೀಳದಿದ್ದರೆ, ಮುಂಗಡ ಕೊಟ್ಟಿದ್ದರೂ ಸರಿ, ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಜಾಣತನ. ಬೇಕಾದ ಗಳಿಗೆಯಲ್ಲಿ ಹಾರದ ಆಯುಧಕ್ಕೆ ಕೊಟ್ಟ ಹಣ ಎಷ್ಟೇ ಕಡಿಮೆಯಿದ್ದರೂ ದುಬಾರಿಯೇ.